ಅಫೀಮಿನ ಹೊಗೆ: ಅಡಗುವುದು ಕೆಮ್ಮು, ರೋಗವಲ್ಲ



ಮಾರಿಕುಪ್ಪಂ ಸುತ್ತಿನ ಅನೇಕ ಮನೆಗಳ ಹಿರಿಯರು ಚಿನ್ನದ ಗಣಿಯ ಆಳದಲ್ಲಿ ದುಡಿದವರು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಶ್ವಾಸಕೋಶದಲ್ಲಿ ಉಳಿದ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗವು ಕೆಲಸ ಬಿಟ್ಟ ಮೇಲೂ ಬೆಳೆಯಬಲ್ಲದು. ಅಂಥವರಿಗೆ ಕ್ಷಯವೂ ಬೇಗ ತಗಲುತ್ತದೆ. ಆದುದರಿಂದ ಅಫೀಮಿನ ಹೊಗೆಯ ಅಪಾಯವನ್ನು ಇಲ್ಲಿನ ಪ್ರತಿ ಕುಟುಂಬವೂ ಅರಿತಿರಬೇಕು.

ಅಫೀಮು ಎಂದರೇನು?
ಪಾಯಸಕ್ಕೆ ಹಾಕುವ ಗಸಗಸೆಯು ಒಂದು ಗಿಡದ ಬೀಜ. ಅದೇ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಅದರಲ್ಲಿರುವ ಮಾರ್ಫೀನ್ ನೋವನ್ನು ಮರೆಸುತ್ತದೆ, ಕೆಮ್ಮನ್ನು ತಡೆಯುತ್ತದೆ. ಮೋಸವಿರುವುದು ಇಲ್ಲಿಯೇ. ಕೆಮ್ಮು ನಿಂತಿತೆಂದು ರೋಗಿ ಸಮಾಧಾನಪಡುತ್ತಾನೆ. ಒಳಗೆ ಕ್ಷಯವು ಬೆಳೆಯುತ್ತಿರುತ್ತದೆ, ಮಡದಿ ಮಕ್ಕಳಿಗೂ ಹರಡುತ್ತಿರುತ್ತದೆ.

ದೇಹಕ್ಕಾಗುವ ಹಾನಿ
ಹೊಗೆಯಾಗಿ ಸೇದಿದ ಅಫೀಮು ಕೆಲವೇ ಕ್ಷಣಗಳಲ್ಲಿ ಮಿದುಳನ್ನು ಸೇರುತ್ತದೆ. ಚಟವು ಬೇಗ ಅಂಟಿಕೊಳ್ಳುತ್ತದೆ. ಹಸಿವು ಕುಗ್ಗುತ್ತದೆ, ಮಲಬದ್ಧತೆ ಕಾಡುತ್ತದೆ. ಕಾಲಕ್ರಮದಲ್ಲಿ ಗಂಡಸಿಗೆ ಪುರುಷತ್ವ ಕುಂದಬಹುದು, ಹೆಂಗಸಿಗೆ ಮುಟ್ಟು ಏರುಪೇರಾಗಬಹುದು. ಪ್ರಮಾಣ ಮೀರಿದರೆ ಉಸಿರು ನಿಧಾನವಾಗಿ ನಿಂತೇಹೋಗಬಹುದು. ಮೊದಲೇ ಬಲಗುಂದಿದ ಶ್ವಾಸಕೋಶದವರಿಗೂ ಜೊತೆಗೆ ಮದ್ಯ ಕುಡಿದವರಿಗೂ ಈ ಅಪಾಯ ಹೆಚ್ಚು.

ತಾಯಿ ಮತ್ತು ಮಗು
ಗರ್ಭಿಣಿಯು ಅಫೀಮು ಸೇವಿಸಿದರೆ ಮಗು ಕಡಿಮೆ ತೂಕದಿಂದ ಹುಟ್ಟಬಹುದು. ಹುಟ್ಟಿದ ಕೆಲವು ದಿನಗಳಲ್ಲೇ ನಡುಗುತ್ತಾ, ಹಾಲು ಕುಡಿಯದೆ, ಎಡೆಬಿಡದೆ ಅಳಬಹುದು. ಆದರೆ ಚಟವಿರುವ ಗರ್ಭಿಣಿ ತಾನಾಗಿಯೇ ಒಮ್ಮೆಗೇ ನಿಲ್ಲಿಸಬಾರದು. ಅದರಿಂದ ಗರ್ಭಕ್ಕೆ ಅಪಾಯವಾಗಬಹುದು. ವೈದ್ಯರ ಬಳಿ ಏನನ್ನೂ ಮುಚ್ಚಿಡಬೇಡಿ. ಅಳುವ ಕೂಸನ್ನು ಮಲಗಿಸಲು ಎಳ್ಳಿನಷ್ಟು ಅಫೀಮನ್ನೂ ಕೊಡಕೂಡದು. ಆ ನಿದ್ದೆಯಿಂದ ಮಗು ಏಳದೆ ಹೋಗಬಹುದು.

ಮಾಡಬೇಕಾದುದು
1. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯಕ್ಕೆ ಪರೀಕ್ಷೆಯೂ ಔಷಧಿಯೂ ಉಚಿತ. ಗಣಿಯಲ್ಲಿ ದುಡಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿ.
2. ಚಟ ಬಿಟ್ಟಾಗ ಮೈಕೈ ನೋವು, ಭೇದಿ, ನಿದ್ರಾಹೀನತೆ ಬರುತ್ತವೆ. ಇವುಗಳಿಗೆ ಚಿಕಿತ್ಸೆಯುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ವಿಭಾಗವಿದೆ.
3. ಅಫೀಮು ಸೇವಿಸಿದವರು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿ ತುಟಿ ನೀಲಿಗಟ್ಟಿದರೆ, ಒಂದು ಮಗ್ಗುಲಿಗೆ ಮಲಗಿಸಿ ಕೂಡಲೇ 108ಕ್ಕೆ ಕರೆ ಮಾಡಿ.

ಚಟವು ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಪತಿಯನ್ನು ಹಳಿಯುವುದರಿಂದಾಗಲಿ, ಪತ್ನಿಯಿಂದ ಬಚ್ಚಿಡುವುದರಿಂದಾಗಲಿ ಅದು ವಾಸಿಯಾಗದು. ಇಬ್ಬರೂ ಜೊತೆಯಾಗಿ ಆಸ್ಪತ್ರೆಗೆ ಬನ್ನಿರಿ.