ನೋ ಕಾಸ್ಟ್ ಕಪಾಟಿನ ಬಡ್ಡಿ

ಇಚಲಕರಂಜಿಯಲ್ಲಿರುವ ನನ್ನ ತಮ್ಮ ಐದು ವರ್ಷದ ಮಗಳ ಬಟ್ಟೆ ಇಡಲು ಕೊಲ್ಹಾಪುರದಿಂದ ಕಪಾಟು ತರಿಸಿದ. ಗುಲಾಬಿ ಬಣ್ಣ, ಬಾಗಿಲ ಮೇಲೆ ಚಿಟ್ಟೆ. ಬೆಲೆ ₹24,000, ತಿಂಗಳಿಗೆ ₹2,000ದಂತೆ 12 ಕಂತು. "ಬಡ್ಡಿ ಇಲ್ಲಣ್ಣಾ, ನೋ ಕಾಸ್ಟ್" ಅಂದ. ಬಿಲ್ಲು ಇಸಿದುಕೊಂಡೆ.

ರೊಕ್ಕ ಎಣಿಸಿ ಒಯ್ದರೆ ₹21,500 ಎಂದು ಅಂಗಡಿಯವರೇ ಮೊದಲು ಹೇಳಿದ್ದರಂತೆ. ಕಂತಿಗೆ ಆ ರಿಯಾಯಿತಿ ಇಲ್ಲ. ಅಲ್ಲಿಗೆ ₹2,500 ಹೋಯಿತು. ಪ್ರೊಸೆಸಿಂಗ್ ಫೀ ₹499, ಅದರ ಮೇಲೆ 18% ಜಿಎಸ್‌ಟಿ ಸೇರಿ ₹589. ಒಟ್ಟು ₹3,089. ಇಪ್ಪತ್ತೊಂದೂವರೆ ಸಾವಿರಕ್ಕೆ 14% ತಾನೇ, ಇರಲಿ ಎಂದ ತಮ್ಮ. ಇರಲಿ ಅನ್ನುವ ಹಾಗಿಲ್ಲ. ಸಾಲ ವರ್ಷವಿಡೀ ಅಷ್ಟೇ ಇರುವುದಿಲ್ಲವಲ್ಲ! ಮೊದಲ ತಿಂಗಳು 21 ಸಾವಿರದ ಹತ್ತಿರ, ಕೊನೆಯ ತಿಂಗಳು 2 ಸಾವಿರ. ಸರಾಸರಿ ತೆಗೆದರೆ ಅವನು ನಿಜಕ್ಕೂ ಬಳಸಿದ ಸಾಲ 11-12 ಸಾವಿರ. ಅದಕ್ಕೆ ₹3,089 ಎಂದರೆ ವರ್ಷಕ್ಕೆ 26%ರ ಆಸುಪಾಸು. ಬಂಗಾರ ಒತ್ತೆ ಇಟ್ಟಿದ್ದರೆ ಬ್ಯಾಂಕು ಇದರ ಅರ್ಧದಷ್ಟೂ ಕೇಳುತ್ತಿರಲಿಲ್ಲ.

ಶೂನ್ಯ ಬಡ್ಡಿ ಎಂಬುದೇ ಇಲ್ಲ, ರಿಯಾಯಿತಿ ಗಿರಾಕಿಗೇ ಸಿಗಬೇಕು ಎಂಬ ಅರ್ಥದಲ್ಲಿ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. 'ಝೀರೋ' ಬೋರ್ಡು ಇಳಿಯಿತು, 'ನೋ ಕಾಸ್ಟ್' ಬೋರ್ಡು ಏರಿತು. ನನಗಂತೂ ಅದನ್ನು ಕಂಡರೆ ಮೈ ಉರಿಯುತ್ತದೆ.

ಇಷ್ಟಾಗಿ ಆ ಕಪಾಟು ಪಾರ್ಟಿಕಲ್ ಬೋರ್ಡಿನದು. 2019ರಲ್ಲಿ, 2021ರಲ್ಲಿ ಪಂಚಗಂಗಾ ನದಿ ಮನೆಗಳಿಗೆ ನುಗ್ಗಿದ ಊರು ತಮ್ಮನದು. ನೆರೆಯೇ ಬರಬೇಕೆಂದಿಲ್ಲ, ನೆಲ ಒರೆಸುವ ನೀರೇ ಸಾಕು: ಒಂದೇ ಮಳೆಗಾಲಕ್ಕೆ ಕೆಳ ಅಂಚು ಚಹಾದಲ್ಲಿ ಅದ್ದಿದ ಟೋಸ್ಟಿನಂತೆ ಉಬ್ಬಿದೆ. ಒಳಗೆ ಜರಿ ಪರಕಾರ, ಚೀಟಿ ಕೀಳದ ಫ್ರಾಕು, ಕೂಸಿದ್ದಾಗಿನ ಕುಂಚಗಿ. ಹ್ಯಾಂಗರ್ ಕೊಳವೆ ಹುಡುಗಿಯ ಕೈಗೆ ಎಟುಕುವುದಿಲ್ಲ. ದಿನಾ ಹಾಕುವ ಬಟ್ಟೆಯೆಲ್ಲ ಕುರ್ಚಿಯ ಮೇಲೆ ರಾಶಿ.

ಗಡಹಿಂಗ್ಲಜದ ನಮ್ಮ ಮನೆಯಲ್ಲಿ ತಿಜೋರಿಯ ಕೆಳಗಿನ ಎರಡು ಖಾನೆ ಮಗನವು. ಚಡ್ಡಿ, ಕಾಲುಚೀಲಕ್ಕೆ ಚಪ್ಪಲಿಯ ರಟ್ಟಿನ ಡಬ್ಬಿ. ಖರ್ಚು ಸೊನ್ನೆ, ನಿಜವಾದ ಸೊನ್ನೆ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಹಾಗಾಗಿ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎಲ್ಲವನ್ನೂ ತೊಡಿಸಿ ನೋಡುತ್ತೇವೆ. ಗಿಡ್ಡಾದದ್ದು ಸಂಕೇಶ್ವರದಲ್ಲಿರುವ ತಂಗಿಯ ಮಗನಿಗೆ, ಹರಿದದ್ದು ಅವ್ವನ ಕೌದಿಗೆ. ಖಾನೆ ತುಂಬಿದೆಯೆಂದರೆ ಹೊಸ ಅಂಗಿ ಇಲ್ಲ.

ತಮ್ಮನ ಮನೆಯಲ್ಲಿ ಹುಟ್ಟುಹಬ್ಬ, ಜಾತ್ರೆ, ಯಾರದೋ ಮದುವೆ, ಎಲ್ಲದಕ್ಕೂ ಬಟ್ಟೆಯೇ. ಇಚಲಕರಂಜಿ ಎಂದರೆ 1904ರಲ್ಲಿ ಮೊದಲ ಪವರ್‌ಲೂಮ್ ಕಂಡ ಊರು, ಪಾಪ್ಲಿನ್ ನೇಯುವ ಊರು. ಅಲ್ಲಿ ಕುಳಿತು ಆನ್‌ಲೈನ್‌ನಲ್ಲಿ ಫ್ರಾಕು ತರಿಸುತ್ತಾರೆ! ಕಟ್‌ಪೀಸ್ ತಂದು, ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಸಿ ಹೊಲಿಸಿದರೆ, ಮಗು ಬೆಳೆದಂತೆ ಬಿಚ್ಚುತ್ತ ಹೋಗಬಹುದು. ಇದನ್ನು ಹೇಳಿದರೆ ತಮ್ಮನ ಹೆಂಡತಿ ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗುತ್ತಾಳೆ.

ಉಳಿದ ಕಂತುಗಳನ್ನು ಒಮ್ಮೆಲೇ ತೀರಿಸಲೇ ಎಂದು ತಮ್ಮ ಕೇಳಿದ. ಬೇಡವೆಂದೆ. ಇಂಥ ಸಾಲದಲ್ಲಿ ಬಡ್ಡಿಯನ್ನು ಮೊದಲೇ ಬೆಲೆಯೊಳಗೆ ಸೇರಿಸಿರುತ್ತಾರೆ. ಬೇಗ ತೀರಿಸಿದರೆ ಸಾಮಾನ್ಯವಾಗಿ ಒಂದು ಪೈಸೆಯೂ ಉಳಿಯುವುದಿಲ್ಲ, ಮೇಲೆ ಮುಂಗಡ ಮುಕ್ತಾಯದ ಶುಲ್ಕ ಬಿದ್ದರೂ ಬಿದ್ದೀತು. ಆ ರೊಕ್ಕ ಉಳಿತಾಯ ಖಾತೆಯಲ್ಲೇ ಇರಲಿ, ಕಂತು ತಪ್ಪದಂತೆ ಕಟ್ಟು ಎಂದೆ.