ದತ್ತಾಂಶ ಕೇಂದ್ರವೂ ಸಂಡೂರಿನ ಅದಿರೂ

ಇಂದು ಹಣದ ಲೆಕ್ಕ, ಪತ್ರವ್ಯವಹಾರ, ಚಿತ್ರಪ್ರದರ್ಶನ ಎಲ್ಲವೂ ದತ್ತಾಂಶ ಕೇಂದ್ರಗಳೆಂಬ ಕಟ್ಟಡಗಳನ್ನು ಆಶ್ರಯಿಸಿವೆ. ಹಗಲಿರುಳು ದುಡಿಯುವ ಗಣಕಯಂತ್ರಗಳ ಈ ಆಗರಗಳು 2024ರಲ್ಲಿ ಜಗತ್ತಿನ ವಿದ್ಯುತ್ತಿನ ಸುಮಾರು ಶೇಕಡಾ 1.5ರಷ್ಟನ್ನು ಬಳಸಿದುವೆಂದು ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯ ಅಂದಾಜು. ನಮ್ಮ ತುಂಗಭದ್ರಾ ಅಣೆಕಟ್ಟಿನ ಹಾಗೂ ಹಂಪಿಯ ವಿದ್ಯುದಾಗಾರಗಳ ಒಟ್ಟು ಸಾಮರ್ಥ್ಯ 72 ಮೆಗಾವಾಟ್. ದೊಡ್ಡ ದತ್ತಾಂಶ ಕೇಂದ್ರವೊಂದೇ 100 ಮೆಗಾವಾಟ್ ಬೇಡಬಲ್ಲದು.

ಇಲ್ಲಿ ವಿದ್ಯುತ್ತು ಕ್ಷಣಕಾಲವೂ ನಿಲ್ಲುವಂತಿಲ್ಲ. ಟ್ರಾನ್ಸ್‌ಫಾರ್ಮರು ಒತ್ತಡವನ್ನು ಇಳಿಸುತ್ತದೆ. ಸರಬರಾಜು ತಪ್ಪಿದೊಡನೆ ಬ್ಯಾಟರಿಗಳು ಭಾರ ಹೊರುತ್ತವೆ. ಅಷ್ಟರಲ್ಲಿ ಡೀಸೆಲ್ ಜನರೇಟರು ಚಾಲನೆಗೊಳ್ಳುತ್ತದೆ. ಒಂದು ಕೆಟ್ಟರೆ ಇನ್ನೊಂದಿರಲೆಂದು ಹೆಚ್ಚಿನ ಯಂತ್ರಗಳನ್ನೂ ಇಡುವರು. ಆದುದರಿಂದಲೇ ಇವುಗಳ ಬೇಡಿಕೆ ಏರುತ್ತಿದೆ.

ಟ್ರಾನ್ಸ್‌ಫಾರ್ಮರಿನ ಹೃದಯವೆಂದರೆ ಉಕ್ಕಿನ ತಿರುಳು. ಸುಮಾರು ಶೇಕಡಾ 3ರಷ್ಟು ಸಿಲಿಕಾನ್ ಬೆರೆಸಿ, ಹರಳುಗಳು ಒಂದೇ ದಿಕ್ಕಿಗೆ ನಿಲ್ಲುವಂತೆ ಮಾಡಿದ ತೆಳುಹಾಳೆಗಳಿಂದ ಅದನ್ನು ಕಟ್ಟುತ್ತಾರೆ. ಇದರಿಂದ ಶಾಖವಾಗಿ ನಷ್ಟವಾಗುವ ಶಕ್ತಿ ಕಡಿಮೆಯಾಗುತ್ತದೆ. ಭಾರತವು ಇಂತಹ ಹಾಳೆಯನ್ನು ಬಹುಮಟ್ಟಿಗೆ ಹೊರದೇಶಗಳಿಂದಲೇ ತರಿಸಿಕೊಂಡು ಬಂದಿದೆ. ಇದನ್ನು ಬಳ್ಳಾರಿ ಜಿಲ್ಲೆಯಲ್ಲಿಯೇ ತಯಾರಿಸಲೆಂದು ಜೆಎಸ್‌ಡಬ್ಲ್ಯು ಹಾಗೂ ಜಪಾನಿನ ಜೆಎಫ್‌ಇ ಸಂಸ್ಥೆಗಳು 2024ರಲ್ಲಿ ಜಂಟಿ ಕಂಪನಿಯನ್ನು ರಚಿಸಿದುವು.

ಇದು ನಮ್ಮ ಸೀಮೆಗೆ ಸಣ್ಣ ಸಂಗತಿಯಲ್ಲ. ಸಂಡೂರಿನ ಗುಡ್ಡಗಳನ್ನು ಅಗೆದು ಅದಿರನ್ನು ಹಾಗೆಯೇ ಪರದೇಶಕ್ಕೆ ಸಾಗಿಸಿದಾಗ ಇಲ್ಲಿ ಹೆಚ್ಚಾಗಿ ಉಳಿದುದು ಕೂಲಿ ಮತ್ತು ಧೂಳು. ಅದಿರು ಇಲ್ಲಿಯೇ ಹಾಳೆಯಾದರೆ ಕುಶಲ ಉದ್ಯೋಗವೂ ಉಳಿಯಬಹುದು. ಆದರೆ ಕಾರ್ಖಾನೆ ಬಂದ ಮಾತ್ರಕ್ಕೆ ಹುದ್ದೆ ನಮ್ಮದಾಗದು. ಹೊಸಪೇಟೆ, ಸಂಡೂರು, ಕಂಪ್ಲಿಯ ತರುಣ ತರುಣಿಯರಿಗೆ ಈ ವಿದ್ಯೆಯನ್ನು ಕಲಿಸುವ ಏರ್ಪಾಡು ಈಗಲೇ ಆಗಬೇಕು.