ಮೇಲ್‌ಗೆ ಹುಳು ಬಿದ್ದಾಗ: ಕೊಬ್ಬರಿ ಪೇಟೆಯಲ್ಲಿ ಕಲಿತ ಪಾಠಗಳು

ತಿಪಟೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟು ಹದಿನೈದು ವರ್ಷವಾಯಿತು. ರೈತರ ಪಹಣಿ, ಫ್ರೂಟ್ಸ್ ನೋಂದಣಿ, ರವಾನೆದಾರರ ಬಿಲ್ಲು, ಜಿಎಸ್‌ಟಿ ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಈಚೆಗೆ ‘ಅಣ್ಣ, ನನ್ ಮೇಲ್ ಯಾರೋ ನೋಡ್ತಾವ್ರೆ ಅನ್ಸುತ್ತೆ’ ಎಂದು ಬರುವವರು ಹೆಚ್ಚಿದ್ದಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಮೇಲ್ ತೆರೆದುಕೊಳ್ಳುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ

ಕೆಂಪು ಮೂತಿ ಹುಳು ಬಿದ್ದ ತೆಂಗಿನ ಮರವನ್ನು ನಮ್ಮ ಸೀಮೆಯವರು ಕಂಡಿದ್ದಾರೆ. ಹೊರಗೆ ಗರಿ ಹಸಿರಾಗಿಯೇ ಇರುತ್ತದೆ, ಹುಳು ಕಾಂಡದೊಳಗೆ ಕೊರೆಯುತ್ತಿರುತ್ತದೆ. ಸುಳಿ ಬಾಡಿದ್ದು ಕಂಡಾಗ ಮರ ಕೈಬಿಟ್ಟು ಹೋಗಿರುತ್ತದೆ. ಮೇಲ್‌ಗೆ ನುಗ್ಗಿದ ಜಾಣ ಕಳ್ಳ ಪಾಸ್‌ವರ್ಡ್ ಮುಟ್ಟುವುದಿಲ್ಲ. ಮುಟ್ಟಿದರೆ ನಿಮಗೆ ತಿಳಿದುಬಿಡುತ್ತದೆ. ಸುಮ್ಮನೆ ಓದುತ್ತಾ ಸಮಯ ಕಾಯುತ್ತಾನೆ.

ಒಂದು ಸಂಜೆ ಯುವ ರವಾನೆದಾರನೊಬ್ಬ ಬಂದ. 10 ಟನ್ ಉಂಡೆ ಕೊಬ್ಬರಿ ಉತ್ತರದ ಕಡೆಗೆ ಲೋಡ್ ಆಗಿ ಹೋಗಿ ತಲುಪಿತ್ತು. ಕೊಂಡವರು ‘ದುಡ್ಡು ಹಾಕಿ ಎರಡು ದಿನ ಆಯ್ತು’ ಎನ್ನುತ್ತಿದ್ದರು, ಇವನ ಖಾತೆಗೆ ಬಂದಿರಲಿಲ್ಲ. 2024ರ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ; ಆ ಲೆಕ್ಕ ಹಿಡಿದರೂ 12 ಲಕ್ಷ. ಕೊಂಡವರಿಂದ ಅವರಿಗೆ ಬಂದಿದ್ದ ಬಿಲ್ಲನ್ನು ವಾಟ್ಸಾಪಿಗೆ ತರಿಸಿಕೊಂಡು ಇವನ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿದೆವು. ಅದೇ ತಲೆಬರಹ, ಅದೇ ಲಾರಿ ನಂಬರು, ಅದೇ ತೂಕ, ಕೆಳಗೆ ಇವನದೇ ಸಹಿ. ಬ್ಯಾಂಕ್ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಮಾತ್ರ ಬೇರೆ. ಹುಡುಗ ಆ ಎರಡು ಸಾಲುಗಳ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ.

2. ಪಾಸ್‌ವರ್ಡ್ ಬದಲಿಸಿದರೆ ಮುಗಿಯಲಿಲ್ಲ. ಕಳ್ಳ ಬಿಟ್ಟುಹೋದದ್ದನ್ನು ಹುಡುಕಿ

ಆ ಹುಡುಗ ನಮ್ಮಲ್ಲಿಗೆ ಬರುವ ಮೊದಲೇ ಪಾಸ್‌ವರ್ಡ್ ಬದಲಿಸಿದ್ದ. ಆದರೂ ಕೊಂಡವರ ಮೇಲ್‌ಗಳು ಇವನಿಗೆ ಕಾಣುತ್ತಿರಲಿಲ್ಲ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಪುಟ ತೆಗೆದೆ. ಅಲ್ಲೊಂದು ಸಾಲು ಕೂತಿತ್ತು: ಕೊಂಡವರ ವಿಳಾಸದಿಂದ ಬಂದದ್ದೆಲ್ಲ ಇನ್‌ಬಾಕ್ಸ್‌ಗೆ ಬಾರದೆ, ಓದಿದ್ದು ಎಂದು ಗುರುತಾಗಿ, ನೇರ ಆರ್ಕೈವ್‌ಗೆ. ಫಾರ್ವರ್ಡಿಂಗ್ ಪುಟದಲ್ಲಿ ಇವನು ಕಂಡು ಕೇಳರಿಯದ ಒಂದು ವಿಳಾಸ. ಬೀಗ ಬದಲಾಗಿತ್ತು, ಹಿತ್ತಲ ಬಾಗಿಲು ತೆರೆದೇ ಇತ್ತು.

ಈ ಎರಡು ಪುಟಗಳು ಮೊಬೈಲ್‌ನ ಜಿಮೇಲ್ ಆ್ಯಪ್‌ನಲ್ಲಿ ಕಾಣುವುದಿಲ್ಲ, ಕಂಪ್ಯೂಟರಿನಲ್ಲೇ ತೆಗೆಯಬೇಕು. ನಮ್ಮಲ್ಲಿ ಮುಕ್ಕಾಲು ಪಾಲು ಜನ ಮೇಲ್ ನೋಡುವುದು ಮೊಬೈಲ್‌ನಲ್ಲಿ. ಕಳ್ಳನಿಗೆ ಅನುಕೂಲವಾಗುವುದು ಅದೇ. ಜೊತೆಗೆ ರಿಕವರಿ ಫೋನ್ ನಂಬರು, ರಿಕವರಿ ಮೇಲ್, ಲಾಗಿನ್ ಆಗಿರುವ ಸಾಧನಗಳ ಪಟ್ಟಿ, ಖಾತೆಗೆ ಕೈಹಾಕಲು ಅನುಮತಿ ಪಡೆದಿರುವ ಬೇರೆ ಆ್ಯಪ್‌ಗಳು, ಇಷ್ಟನ್ನೂ ನೋಡಿ. ಗುರುತಿಲ್ಲದ್ದನ್ನು ತೆಗೆಯಿರಿ, ಆಮೇಲೆ ಎರಡು ಹಂತದ ಪರಿಶೀಲನೆ ಹಾಕಿ.

3. ತೆಗೆಯುವ ಮೊದಲು ಫೋಟೊ ಹೊಡೆದುಕೊಳ್ಳಿ

ಗಾಬರಿಯಲ್ಲಿ ಎಲ್ಲ ಅಳಿಸಿಬಿಡುತ್ತಾರೆ. ಮರುದಿನ ಪೊಲೀಸರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಫಿಲ್ಟರ್, ಫಾರ್ವರ್ಡ್ ವಿಳಾಸ, ಸಾಧನಗಳ ಪಟ್ಟಿ, ಮೋಸದ ಮೇಲ್ ಎಲ್ಲದರ ಸ್ಕ್ರೀನ್‌ಶಾಟ್ ಇರಲಿ.

4. ಫೋನೇ ಕೆಟ್ಟಿದ್ದರೆ ಅದೇ ಫೋನಿನಿಂದ ಪಾಸ್‌ವರ್ಡ್ ಬದಲಿಸಬೇಡಿ

ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸಾಪ್ ಗುಂಪುಗಳಿಗೆ ಬರುವ ಎಪಿಕೆ ಫೈಲನ್ನು ಒತ್ತಿದವರು ಹುಳಿಯಾರು, ನೊಣವಿನಕೆರೆ ಕಡೆಯಿಂದಲೂ ನನ್ನಲ್ಲಿಗೆ ಬಂದಿದ್ದಾರೆ. ಅಂಥ ಆ್ಯಪ್ ನಿಮ್ಮ ಎಸ್‌ಎಂಎಸ್ ಓದುತ್ತದೆ, ಒಟಿಪಿ ಅಲ್ಲಿಂದಲೇ ಕಳ್ಳನಿಗೆ ಹೋಗುತ್ತದೆ. ಮನೆಯ ಬೇರೆ ಫೋನು, ನಂಬಿಕೆಯ ಕಂಪ್ಯೂಟರು ಯಾವುದಾದರೂ ಸರಿ, ಅದರಿಂದ ಮೊದಲು ಮೇಲ್ ಭದ್ರಮಾಡಿ. ಕೆಟ್ಟ ಫೋನನ್ನು ಆಮೇಲೆ ಫ್ಯಾಕ್ಟರಿ ರಿಸೆಟ್ ಮಾಡಿಸಿ.

5. ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930, ಅದೂ ಆ ಗಳಿಗೆಯಲ್ಲೇ

ಯಾರ ಖಾತೆಯಿಂದ ಹಣ ಹೊರಗೆ ಹೋಯಿತೋ ಅವರೇ ಕರೆ ಮಾಡಬೇಕು. ನಮ್ಮ ಹುಡುಗನ ವಿಷಯದಲ್ಲಿ ಹಣ ಹೋಗಿದ್ದು ಕೊಂಡವರ ಖಾತೆಯಿಂದ. ಹಾಗಾಗಿ ಅವರನ್ನೇ ಫೋನಿನಲ್ಲಿ ಎಬ್ಬಿಸಿ ಆ ರಾತ್ರಿಯೇ ಕರೆ ಮಾಡಿಸಿದೆವು. ಹಣ ಖಾತೆಯಿಂದ ಖಾತೆಗೆ ಜಾರುತ್ತಿರುತ್ತದೆ, ಎಲ್ಲಿ ಸಿಕ್ಕಿತೋ ಅಲ್ಲಿ ಬ್ಯಾಂಕು ತಡೆಹಿಡಿಯುತ್ತದೆ. ಅವರದು ಅರ್ಧದಷ್ಟು ಉಳಿಯಿತು. ಎರಡು ದಿನ ಮೊದಲೇ ತಿಳಿದಿದ್ದರೆ ಹೆಚ್ಚು ಉಳಿಯುತ್ತಿತ್ತೆಂದು ಈಗಲೂ ಹೊಟ್ಟೆ ಉರಿಯುತ್ತದೆ.

ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ತುಮಕೂರಿನಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಯಿದೆ. ಬೇರೊಬ್ಬರ ಪಾಸ್‌ವರ್ಡ್ ಕದ್ದು ಬಳಸುವುದು ಐಟಿ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಜೈಲಾಗುವ ಅಪರಾಧ. ನಾಚಿಕೆಪಟ್ಟು ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

6. ಪೇಟೆಗೆಲ್ಲ ಹೇಳಿ, ಬಾಯಲ್ಲೇ ಹೇಳಿ

‘ನನ್ನ ಮೇಲ್ ಹ್ಯಾಕ್ ಆಗಿದೆ’ ಎಂದು ಅದೇ ಮೇಲ್‌ನಿಂದ ಬರೆಯಬೇಡಿ, ಕಳ್ಳ ಅದನ್ನೂ ಅಳಿಸಿಯಾನು. ಕೊಳ್ಳುವವರು, ಲಾರಿ ಆಫೀಸು, ಆಡಿಟರು, ಬ್ಯಾಂಕು ಎಲ್ಲರಿಗೂ ಫೋನ್ ಮಾಡಿ.

7. ಮೇಲ್ ನಿಮ್ಮದಾಗಿರಲಿ, ಅಂಗಡಿಯವರದಲ್ಲ

ಇದನ್ನು ತಪ್ಪೊಪ್ಪಿಕೊಂಡೇ ಬರೆಯುತ್ತಿದ್ದೇನೆ. ಅರ್ಜಿ ಹಾಕಲು ಮೇಲ್ ಬೇಕೆಂದಾಗ ಎಷ್ಟೋ ರೈತರಿಗೆ ನಾನೇ ಖಾತೆ ತೆರೆದುಕೊಟ್ಟೆ. ಹೆಸರಿನ ಮುಂದೆ 123 ಹಾಕಿ ಪಾಸ್‌ವರ್ಡ್, ರಿಕವರಿಗೆ ನನ್ನದೇ ನಂಬರು. ಸಾಲು ಬೆಳೆದಿರುತ್ತಿತ್ತು, ಕೆಲಸ ಬೇಗ ಆಗಲಿ ಎಂಬುದಷ್ಟೇ ಮನಸ್ಸಿನಲ್ಲಿತ್ತು. ಒಂದು ಗುಟ್ಟು ಹೊರಬಿದ್ದರೆ ಊರಿನ ಎಲ್ಲ ಮನೆಗಳ ಕೀಲಿ ಹೊರಬಿದ್ದಂತೆ ಎಂದು ಅರ್ಥವಾದಾಗ ನಿದ್ದೆ ಬರಲಿಲ್ಲ. ಈಗ ಬಂದವರ ಮುಂದೆಯೇ ಅವರ ನಂಬರು ಹಾಕಿಸಿ, ಪಾಸ್‌ವರ್ಡನ್ನು ಅವರ ಕೈಯಲ್ಲೇ ಒತ್ತಿಸುತ್ತೇನೆ. ಹಳೆಯ ಖಾತೆಗಳನ್ನು ಒಂದೊಂದಾಗಿ ಸರಿಮಾಡುತ್ತಿದ್ದೇನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲೇ ಆಗಲಿ, ಅಂಗಡಿಯವರಿಂದ ಮೇಲ್ ಮಾಡಿಸಿಕೊಂಡಿದ್ದರೆ ಈ ವಾರವೇ ಹೋಗಿ ರಿಕವರಿ ನಂಬರು ಯಾರದ್ದೆಂದು ಕೇಳಿ. ನಿಮ್ಮದಲ್ಲದಿದ್ದರೆ ಅಲ್ಲೇ ನಿಂತು ಬದಲಿಸಿಕೊಂಡು ಬನ್ನಿ.